ಕುಕ್ಕರಿನ ಸೀಟಿಗೆ ಬಂದ ಬೀಗರು

ಕ್ರಿಮಿಗಳ ಮೇಲೆ ಯುದ್ಧ ಸಾರಬೇಕೆಂದು ಮಹಾರುದ್ರಪ್ಪನವರು ಹುಮನಾಬಾದಿಗೆ ಹೋಗಿರಲಿಲ್ಲ. ಅವರು ಹೋದದ್ದು ತಾವು ಇನ್ನೂ ಬದುಕಿದ್ದೇವೆ ಎಂದು ತೋರಿಸಿ ಬರಲು. ಪಿಂಚಣಿ ಪಡೆಯುವವರು ನವೆಂಬರ್ ಬಂತೆಂದರೆ ಬ್ಯಾಂಕಿಗೆ ಹೋಗಿ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿ, ಜೀವಂತ ಇರುವುದನ್ನು ಸಾಬೀತು ಮಾಡಬೇಕು. ಮಹಾರುದ್ರಪ್ಪನವರ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ಎದುರಿಗಿದ್ದ ಗುಮಾಸ್ತ, ತನಗೇನೋ ಅವರು ಬದುಕಿದ್ದಂತೆಯೇ ಕಾಣುತ್ತದೆಂದೂ, ಯಂತ್ರಕ್ಕೂ ಹಾಗೆ ಕಾಣಬೇಕಾದರೆ ಮಧ್ಯಾಹ್ನದ ಮೇಲೆ ಬರಬೇಕೆಂದೂ ಹೇಳಿದ.

ಅಲ್ಲಿಯವರೆಗೆ ಹೊತ್ತು ಕಳೆಯಬೇಕಲ್ಲ. ಪಕ್ಕದ ಸಭಾಭವನದಿಂದ ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಒಳಗೆ ಮಹಿಳಾ ಸಂಘದವರಿಗೆ ಅಡುಗೆಯನ್ನು ಬಾಟಲಿಯಲ್ಲಿ ತುಂಬಿ ಕೆಡದಂತೆ ಇಡುವ ತರಬೇತಿ ನಡೆದಿತ್ತು. ಬಿಳಿ ಅಂಗಿ, ಕನ್ನಡಕ, ಕಂಕುಳಲ್ಲಿ ಫೈಲು ಕಂಡು ಯಾರೋ ಸಾಹೇಬರಿರಬೇಕೆಂದು ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಯಾರಾದರೂ ಅವರನ್ನು ಸಾಹೇಬರೆಂದು ತಿಳಿದು ವರ್ಷಗಳೇ ಆಗಿದ್ದವು. ಅವರು ತಿದ್ದಲು ಹೋಗಲಿಲ್ಲ.

ತರಬೇತಿ ಕೊಡುತ್ತಿದ್ದವಳು ಧನಶ್ರೀ ಎಂಬ ಹುಡುಗಿ. ಕೆಲವು ಕ್ರಿಮಿಗಳು ಕಷ್ಟಕಾಲ ಬಂದರೆ ಗಟ್ಟಿ ಚಿಪ್ಪು ಕಟ್ಟಿಕೊಂಡು ಬೀಜಕಗಳಾಗಿ ಕೂತುಬಿಡುತ್ತವೆ ಎಂದು ಅವಳು ಹೇಳಿದಳು. ಗಂಟೆಗಟ್ಟಲೆ ಕುದಿಸಿದರೂ ಅವು ಸಾಯುವುದಿಲ್ಲ. ಬಾಯಿ ಮುಚ್ಚಿದ ಬಾಟಲಿಯಲ್ಲಿ, ಗಾಳಿ ಆಡದ ಜಾಗದಲ್ಲಿ, ಮೆಲ್ಲಗೆ ಎದ್ದು ವಿಷ ಮಾಡುತ್ತವೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಉಪ್ಪಿನಕಾಯಿಯಾದರೆ ಹುಳಿಯೇ ಅದನ್ನು ಕಾಯುತ್ತದೆ. ಪಲ್ಯ, ಕಾಳುಗಳಿಗೆ ಆ ರಕ್ಷಣೆ ಇಲ್ಲ. ಅಂಥವನ್ನು ಹಬೆಯ ಒತ್ತಡದಲ್ಲಿ, ನೂರಾ ಇಪ್ಪತ್ತೊಂದು ಡಿಗ್ರಿ ಶಾಖದಲ್ಲಿ, ಒಂದೂವರೆ ತಾಸು ಹಿಡಿದಿಡಬೇಕು. ಆಗಷ್ಟೇ ಬೀಜಕಗಳ ಕಥೆ ಮುಗಿಯುತ್ತದೆ. ಇದನ್ನು ಮಹಾರುದ್ರಪ್ಪನವರು ಮೈಯೆಲ್ಲ ಕಿವಿಯಾಗಿ ಕೇಳಿದರು. ಒತ್ತಡ ತೋರಿಸುವ ಗಡಿಯಾರವಿದ್ದ ಪಾತ್ರೆಯನ್ನೇ ಬಳಸಬೇಕು, ಒತ್ತಡ ಬಂದ ಕೂಡಲೇ ಉರಿ ಸಣ್ಣ ಮಾಡಬೇಕು ಎಂದು ಅವಳು ಹೇಳುವ ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ಬಂತು. ಆ ಭಾಗ ಅವರ ಕಿವಿಗೆ ಬೀಳಲಿಲ್ಲ. ಮುಂದೆ ಆದದ್ದಕ್ಕೆಲ್ಲ ಆ ಉಪ್ಪಿಟ್ಟೇ ಹೊಣೆ.

ಮಧ್ಯಾಹ್ನ ಯಂತ್ರ ಅವರ ಜೀವವನ್ನು ಒಪ್ಪಿಕೊಂಡಿತು. ಆ ಹುರುಪಿನಲ್ಲಿ ಅವರು ಬಾಗಿಲು ಹಾಕಿದ ಖಾನಾವಳಿಯೊಂದರ ಮುದಿ ಕುಕ್ಕರನ್ನು ಕೊಂಡುಕೊಂಡರು. ಅದರ ಗಾತ್ರ ನೋಡಿ ಬಸ್ಸಿನ ಕಂಡಕ್ಟರ್, ಇದರೊಳಗೆ ಯಾರಾದರೂ ಕೂತಿದ್ದಾರೆಯೇ ಎಂದು ಮುಚ್ಚಳ ತೆಗೆದು ನೋಡಿದ. ಕುಕ್ಕರು ಕಿಟಕಿಯ ಬದಿಗೆ ಕೂತು, ರಾಜೇಶ್ವರ ದಾಟಿ, ಬಸವಕಲ್ಯಾಣಕ್ಕೆ ಬಂತು. ಮಹಾರುದ್ರಪ್ಪನವರು ಪಕ್ಕದಲ್ಲಿ ನಿಂತು ಬಂದರು.

ಇಷ್ಟು ದೊಡ್ಡ ಕುಕ್ಕರು ಒಬ್ಬ ಮನುಷ್ಯನಿಗೆ ಯಾಕೆ ಎಂದು ಕೇಳಬಹುದು. ಒಬ್ಬನೇ ಮನುಷ್ಯ ಎನ್ನುವುದಕ್ಕೇ ಅದು ಬೇಕಾಗಿತ್ತು. ಹೆಂಡತಿ ಭುವನೇಶ್ವರಿ ತೀರಿಕೊಂಡ ಮೇಲೆ ಅವರು ಕಂಡುಕೊಂಡ ದೊಡ್ಡ ಸತ್ಯವೆಂದರೆ, ಅಡುಗೆ ಎಂಬುದು ಒಬ್ಬನಿಗಾಗಿ ಹುಟ್ಟಿದ ವಿದ್ಯೆಯಲ್ಲ ಎಂಬುದು. ಅದರಲ್ಲೂ ಎಳ್ಳಮಾವಾಸ್ಯೆಯ ಭಜ್ಜಿ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಬದನೆ, ಮೆಂತ್ಯ, ಪುಂಡಿಸೊಪ್ಪು, ಹುಣಸೆ, ಶೇಂಗಾ, ಹೊಲದಲ್ಲಿ ಬೆಳೆದದ್ದೆಲ್ಲ ಒಂದೇ ಗಡಿಗೆಗೆ ಬೀಳಬೇಕು. ಎಲ್ಲದರಲ್ಲಿ ಒಂದೊಂದು ಚಿಟಿಕೆ ಹಾಕಿದರೂ ಹತ್ತು ಮಂದಿಯ ಊಟವಾಗುತ್ತದೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿನಲ್ಲಿ ಯಾರೂ ಉಳಿಯುವುದಿಲ್ಲ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. ಮಹಾರುದ್ರಪ್ಪನವರು ಸರ್ವೆ ಇಲಾಖೆಯಲ್ಲಿ ನೌಕರಿ ಮಾಡಿ, ತಾಲೂಕಿನ ಮಂದಿಯ ಹೊಲಗಳನ್ನೆಲ್ಲ ಅಳೆದವರು. ತಮಗೆಂದು ಒಂದು ಗುಂಟೆ ಇಲ್ಲ. ನೌಕರಿಯಲ್ಲಿದ್ದಾಗ ಆ ದಿನ ಅವರನ್ನು ಕರೆಯಲು ಜನ ಸಾಲು ಹಚ್ಚುತ್ತಿದ್ದರು. ಬಾಂದು ಕಲ್ಲು ಅತ್ತಿತ್ತ ಆಗುವ ಭಯವಿದ್ದವರಿಗೆ ಭೂಮಾಪಕರ ಮೇಲೆ ಪ್ರೀತಿ ಹೆಚ್ಚು. ನಿವೃತ್ತಿಯಾದ ವರ್ಷವೇ ಆ ಪ್ರೀತಿಯೂ ನಿವೃತ್ತಿಯಾಯಿತು. ಹೋದ ವರ್ಷ ಕರೆದದ್ದು ಎರಡೇ ಮನೆ: ಘಾಟಬೋರಾಳದ ಅಕ್ಕ ವಿದ್ಯಾವತಿ, ಮತ್ತು ಪಕ್ಕದ ಮನೆಯ ಮೀರಾಬಾಯಿ. ಈ ವರ್ಷ ಆ ಎರಡಾದರೂ ಬರುತ್ತವೋ ಇಲ್ಲವೋ ಎಂಬುದೇ ಅವರ ಚಿಂತೆ. ಬಾಯಿಬಿಟ್ಟು ಹೇಳದಿದ್ದರೂ ಅವರ ಡಿಸೆಂಬರ್ ತಿಂಗಳೆಲ್ಲ ಆ ಒಂದು ಕರೆಗಾಗಿ ಕಾಯುವುದರಲ್ಲೇ ಹೋಗುತ್ತಿತ್ತು. ಕಾಯುವವನಂತೆ ಕಾಣಬಾರದಲ್ಲ. ಅದಕ್ಕೇ ಈ ಉಪಾಯ: ತಾವೇ ಭಜ್ಜಿ ಮಾಡುವುದು, ಬೀಜಕಗಳನ್ನು ಸುಟ್ಟು ಬಾಟಲಿಯಲ್ಲಿ ತುಂಬುವುದು, ವರ್ಷವಿಡೀ ಉಣ್ಣುವುದು, ಯಾರ ಹಂಗೂ ಇಲ್ಲ ಎಂದು ತೋರಿಸುವುದು.

ಅಮಾವಾಸ್ಯೆಗೆ ಒಂದು ವಾರ ಇರುವಾಗ ಮೊದಲ ಪ್ರಯೋಗ ನಡೆಯಿತು. ಬಾಟಲಿಗಳು ಕುಕ್ಕರಿನೊಳಗೆ ಇಳಿದವು. ಉರಿ ಸಣ್ಣ ಮಾಡುವ ವಿಷಯ ಉಪ್ಪಿಟ್ಟಿನ ಪಾಲಾಗಿತ್ತಾದ್ದರಿಂದ ಕುಕ್ಕರು ಒಂದೂವರೆ ತಾಸು ಬಿಡದೆ ಸೀಟಿ ಹೊಡೆಯಿತು. ಹೈದರಾಬಾದಿಗೆ ಹೋಗುವ ರೈಲು ದಾರಿ ತಪ್ಪಿ ಕೋಟೆಯ ಕಡೆ ಬಂತೇನೋ ಎಂದು ಕೆಲವರು ಹೊರಗೆ ಬಂದರು.

ನಮ್ಮ ಗಲ್ಲಿಯಲ್ಲಿ ಮನೆಗಳಿಗೆ ಗೋಡೆ ಒಂದೇ; ಒಬ್ಬರ ಕುಕ್ಕರಿನ ಸೀಟಿ ಎಲ್ಲರದೂ. ಸೀಟಿ ಕೇಳಿಯೇ ಯಾರ ಮನೆಯಲ್ಲಿ ಅನ್ನ, ಯಾರ ಮನೆಯಲ್ಲಿ ಬೇಳೆ, ಎಲ್ಲಿ ಉಪವಾಸ, ಎಲ್ಲಿ ಜಗಳ ಎಂದು ಹೇಳಬಲ್ಲವರಿದ್ದಾರೆ. ಮೀರಾಬಾಯಿ ಆ ಶಾಸ್ತ್ರದಲ್ಲಿ ಎಲ್ಲರಿಗಿಂತ ಮುಂದು. ಮಹಾರುದ್ರಪ್ಪನವರ ಮನೆಯಿಂದ ದಿನಕ್ಕೆ ಎರಡು ಸೀಟಿಗಿಂತ ಹೆಚ್ಚು ಅವಳು ಕೇಳಿಯೇ ಇರಲಿಲ್ಲ. ಇಷ್ಟೊಂದು ಸೀಟಿಗೆ ಶಾಸ್ತ್ರದಲ್ಲಿ ಒಂದೇ ಅರ್ಥ. ಅವಳು ಕಾಂಪೌಂಡಿನ ಮೇಲೆ ತಲೆ ಹಾಕಿದಳು.

"ಕಾಕಾ, ಬೀಗರು ಬಂದಾರೇನ್ರಿ?"

ಮನೆಗೆ ಯಾರಾದರೂ ಬಂದಿದ್ದಾರೆಯೇ ಎಂದು ಮಹಾರುದ್ರಪ್ಪನವರನ್ನು ಯಾರೂ ಕೇಳಿ ಬಹಳ ಕಾಲವಾಗಿತ್ತು. ಇಲ್ಲ, ಬೀಜಕಗಳನ್ನು ಕೊಲ್ಲುತ್ತಿದ್ದೇನೆ ಎಂದು ಹೇಳಬೇಕೆಂದೇ ಅವರು ಬಾಯಿ ತೆರೆದರು. ಬಂದದ್ದು ಮಾತ್ರ ಹ್ಞೂಂ ಎಂಬ ಶಬ್ದ. ಎಷ್ಟು ಮಂದಿ ಎಂದಳು. ನಾಲ್ಕು ಎಂದರು. ಎಲ್ಲಿಯವರು ಎಂದಳು. ಲಾತೂರಿನವರು, ಭುವನೇಶ್ವರಿಯ ತವರಿನ ಕಡೆಯವರು ಎಂದರು. ನಿಜ ಹೇಳಬೇಕೆಂದರೆ, ಆಕೆ ಹೋದ ಮೇಲೆ ಲಾತೂರಿನಿಂದ ಒಂದು ಫೋನೂ ಬಂದಿರಲಿಲ್ಲ.

ಮುಂದಿನ ಕೆಲಸವನ್ನು ಗಲ್ಲಿ ತಾನೇ ವಹಿಸಿಕೊಂಡಿತು. ಹೆಂಡತಿ ಸತ್ತ ಮೇಲೂ ಮಾವನ ಮನೆಯವರು ಹುಡುಕಿಕೊಂಡು ಬಂದಿದ್ದಾರೆಂದರೆ ಸಣ್ಣ ಮಾತೇ? ಮೀರಾಬಾಯಿ ಹಾಸಿಗೆ ಸಮೇತ ಮಂಚ ಕಳಿಸಿದಳು. ಕುರ್ಚಿಗಳು ಬಂದವು, ಮೊಸರು ಬಂತು, ಚೌಕದ ಹತ್ತಿರದವರೊಬ್ಬರು ಹೊದಿಕೆ ಕೊಟ್ಟರು. ಬೀಗರನ್ನು ನೋಡಲು ಬಂದವರಿಗೆಲ್ಲ ಮಹಾರುದ್ರಪ್ಪನವರು, ಈಗಷ್ಟೇ ಕೋಟೆ ನೋಡಲು ಹೋದರು ಎಂದರು. ಮರುದಿನ ಬೀಗರು ಅಕ್ಕನಾಗಮ್ಮನ ಗವಿಗೆ ಹೋದರು. ಅದರ ಮರುದಿನ ಬಸವಣ್ಣನವರ ದೊಡ್ಡ ಮೂರ್ತಿ ನೋಡಲು, ಆಮೇಲೆ ನಾರಾಯಣಪುರದ ಗುಡಿಗೆ, ಆಮೇಲೆ ನೋಡುವುದೇನೂ ಉಳಿಯದೆ ಮತ್ತೆ ಕೋಟೆಗೆ. ಬಸವಕಲ್ಯಾಣವನ್ನು ಆ ನಾಲ್ವರಷ್ಟು ಕೂಲಂಕಷವಾಗಿ ನೋಡಿದ ಪ್ರವಾಸಿಗಳು ಇನ್ನೊಬ್ಬರಿಲ್ಲ. ಸಂಜೆ ಅವರ ಪಾಲಿಗೆ ಬಂದ ಊಟವನ್ನೂ ಮಹಾರುದ್ರಪ್ಪನವರು ಬಾಟಲಿಗೆ ತುಂಬಿ, ಬೀಜಕ ಸಾಯುವವರೆಗೆ ಸೀಟಿ ಹೊಡೆಸಿದರು. ಸೀಟಿ ಹೆಚ್ಚಿದಷ್ಟೂ ಬೀಗರ ಹಸಿವಿನ ಖ್ಯಾತಿ ಹೆಚ್ಚಿತು.

ಮೀರಾಬಾಯಿಯ ಗಂಡ ಪಂಡರಿ ಆಟೋ ಓಡಿಸುವವನು, ಉಪಕಾರದಲ್ಲಿ ಎತ್ತಿದ ಕೈ. ಪರಊರಿನ ಬೀಗರು ನಡೆದುಕೊಂಡು ತಿರುಗುವುದು ಗಲ್ಲಿಯ ಮರ್ಯಾದೆಯ ಪ್ರಶ್ನೆ ಎಂದು ಅವನಿಗೆ ಅನ್ನಿಸಿತು. ಅವರನ್ನು ಹುಡುಕುತ್ತ ಕೋಟೆಯ ಬಾಗಿಲಿಗೆ ಹೋದ. ಅಲ್ಲಿ ನಿಜಕ್ಕೂ ನಾಲ್ಕು ಮಂದಿ ನಿಂತಿದ್ದರು. ಮರಾಠಿಯಲ್ಲಿ, ಲಾತೂರಿನವರೇ ಎಂದು ಕೇಳಿದ, ಹೌದೆಂದರು. ಕಾಕಾರ ಬೀಗರೇ ಎಂದು ಕೇಳಿದ, ಅದಕ್ಕೂ ಹೌದೆಂದರು. ಪುಕ್ಕಟೆ ಆಟೋ ಸಿಕ್ಕಿದವರು ಯಾವ ಪ್ರಶ್ನೆಗೂ ಅಲ್ಲ ಎನ್ನುವುದಿಲ್ಲ. ಅವರನ್ನು ಊರೆಲ್ಲ ತಿರುಗಿಸಿ, ಚಹಾ ಕುಡಿಸಿ, ಬಸ್ ನಿಲ್ದಾಣದಲ್ಲಿ ಏನೋ ಕೆಲಸವಿದೆ ಎಂದರೆಂದು ಅಲ್ಲಿ ಇಳಿಸಿ ಬಂದು, ಅವನು ಮಹಾರುದ್ರಪ್ಪನವರ ಮುಂದೆ ವರದಿ ಒಪ್ಪಿಸಿದ. ಬೀಗರು ಬಹಳ ಒಳ್ಳೆಯವರು, ಅದರಲ್ಲೂ ಆ ಹಿರಿಯರು ನಿಮ್ಮ ಮೇಲೆ ಜೀವ ಇಟ್ಟುಕೊಂಡಿದ್ದಾರೆ ಎಂದ. ಅದನ್ನು ಕೇಳಿ ಮಹಾರುದ್ರಪ್ಪನವರಿಗೆ ಕಣ್ಣು ತುಂಬಿ ಬಂತು. ಹಿರಿಯರು ಇನ್ನೇನು ಹೇಳಿದರು ಎಂದು ಕೇಳಿದರು ಕೂಡ.

ನಡುವೆ ಯಾರೋ ಕೊಟ್ಟ ಸುಳಿವಿನ ಮೇಲೆ, ಪರವಾನಗಿ ಇಲ್ಲದೆ ಖಾನಾವಳಿ ನಡೆಯುತ್ತಿದೆಯೇ ಎಂದು ನೋಡಲು ಆರೋಗ್ಯ ನಿರೀಕ್ಷಕರಾದ ವೀರಭದ್ರ ಅವರು ಬಂದರು. ಅವರ ದುರದೃಷ್ಟ, ಅಂದು ಮಹಾರುದ್ರಪ್ಪನವರಿಗೆ ಮಾತಾಡಲು ಯಾರೂ ಸಿಕ್ಕಿರಲಿಲ್ಲ. ಒಂದು ಕುರ್ಚಿಯಲ್ಲಿ ಅವರನ್ನು ಕೂರಿಸಿ, ಬೀಜಕದ ಚಿಪ್ಪು, ಗಾಳಿ ಇಲ್ಲದ ಬಾಟಲಿ, ವಾಸನೆ ಇಲ್ಲದ ವಿಷ, ಎಲ್ಲವನ್ನೂ ಬಿಡಿಸಿ ಹೇಳಿದರು. ಕುದಿಸಿದರೂ ಸಾಯುವುದಿಲ್ಲ ಎಂಬುದನ್ನು ಮೂರು ಸಲ ಹೇಳಿದರು. ನಿರೀಕ್ಷಕರು ತಮ್ಮ ಚೀಲದಲ್ಲಿ ಬೆಳಗಿನಿಂದ ಮುಚ್ಚಿಕೊಂಡು ಕೂತಿದ್ದ ಊಟದ ಡಬ್ಬಿಯ ಕಡೆಗೇ ನೋಡುತ್ತಿದ್ದರು. ಖಾನಾವಳಿಯ ವಿಷಯ ಕೇಳದೆ ಎದ್ದು ಹೋದರು. ಅಂದು ಅವರು ಬಾಳೆಹಣ್ಣು ತಿಂದು ದಿನ ಕಳೆದರೆಂದು ಕೇಳಿದ್ದೇವೆ.

ಇಷ್ಟೆಲ್ಲ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಕುರ್ಚಿಗಳಿದ್ದವು, ಬಾಗಿಲಿಗೆ ಜನ ಬರುತ್ತಿದ್ದರು, ಇಲ್ಲದ ನಾಲ್ವರಿಂದ ಮನೆ ತುಂಬಿತ್ತು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಘಾಟಬೋರಾಳದಿಂದ ಅಕ್ಕನ ಫೋನು ಬಂತು. ಸುದ್ದಿ ಬಸ್ಸಿನಲ್ಲಿ ಅಲ್ಲಿಗೂ ತಲುಪಿತ್ತು.

"ಹೆಂಡ್ತಿ ಕಡೆ ಮಂದಿ ಬಂದ್ರ ಅಕ್ಕಗ ಒಂದ ಮಾತ ಹೇಳಬೇಕಂತ ಅನ್ನಿಸಲಿಲ್ಲಲ್ಲ ತಮ್ಮಾ. ಇರಲಿ. ಬೀಗರನ್ನ ಬಿಟ್ಟು ನೀ ಹ್ಯಾಂಗ ಬರ್ತಿ? ಈ ಸಲ ನಾ ಕರಿಯೂದಿಲ್ಲ. ನಿಮ್ಮ ಮಂದಿ ಕೂಡ ನೀ ಆರಾಮ ಮಾಡು."

ಬಾಯಿ ಬಿಡಲು ಅದು ಒಳ್ಳೆಯ ಸಮಯವಾಗಿತ್ತು. ಅವರು ಹೌದಕ್ಕ ಎಂದು ಫೋನು ಇಟ್ಟರು. ಸಂಜೆ ಮೀರಾಬಾಯಿ ಕಾಂಪೌಂಡಿನ ಮೇಲಿಂದ ಬಹಳ ಸಂಕೋಚದಿಂದ ಕ್ಷಮೆ ಕೇಳಿದಳು. ಪ್ರತಿ ವರ್ಷದಂತೆ ಕಾಕಾನನ್ನು ಹೊಲಕ್ಕೆ ಕರೆಯಬೇಕೆಂದೇ ಇತ್ತು, ಆದರೆ ಬೀಗರಿಗೆ ಆಟೋದಲ್ಲಿ ಜಾಗವಿಲ್ಲ, ಅವರನ್ನು ಬಿಟ್ಟು ಕಾಕಾನೊಬ್ಬನನ್ನೇ ಕರೆದರೆ ಅವರಿಗೆ ಅವಮಾನ ಎಂದಳು. ಮಹಾರುದ್ರಪ್ಪನವರು ಫಿಕರ್ ಮಾಡಬೇಡ ಎಂದರು. ಒಳಗೆ ಬಂದು ಮಂಚದ ಮೇಲೆ ಕೂತರು. ಇದ್ದದ್ದು ಎರಡು ಕರೆ. ಎರಡನ್ನೂ ಆ ನಾಲ್ವರು ತಿಂದುಹಾಕಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಗಲ್ಲಿ ಖಾಲಿಯಾಯಿತು. ಟಂಟಂ ಆಟೋಗಳು, ಟ್ರ್ಯಾಕ್ಟರುಗಳು, ಮೋಟರ್ ಸೈಕಲ್ಲಿನ ಮೇಲೆ ಗಂಡ ಹೆಂಡತಿ ಮಕ್ಕಳ ಜೊತೆಗೆ ಭಜ್ಜಿಯ ಗಡಿಗೆ. ಹೋಗುವವರೆಲ್ಲ ಬಾಗಿಲಲ್ಲಿ ನಿಂತ ಮಹಾರುದ್ರಪ್ಪನವರಿಗೆ ಕೈ ಬೀಸಿ, ಬೀಗರು ಇನ್ನೂ ಎದ್ದಿಲ್ಲವೇ ಎಂದು ಕೇಳಿ ಹೋದರು. ಹನ್ನೊಂದರ ಹೊತ್ತಿಗೆ ನಾಯಿ ಕೂಡ ಕಾಣಲಿಲ್ಲ. ಅಂಗಡಿಗಳ ಶೆಟರ್ ಇಳಿದಿದ್ದವು. ಊರಿಗೆ ಊರೇ ಹೋಗಿ ತಮ್ಮೊಬ್ಬರನ್ನೇ ಕಾವಲಿಗೆ ಇಟ್ಟಂತಿತ್ತು. ಹೆಂಡತಿ ಸತ್ತ ದಿನ ಕೂಡ ಅವರಿಗೆ ಇಷ್ಟು ಒಂಟಿ ಎನ್ನಿಸಿರಲಿಲ್ಲ. ಆ ದಿನ ಮನೆ ತುಂಬ ಜನರಿದ್ದರು.

ಹಬ್ಬ ಹಬ್ಬವೇ ಎಂದು ಅವರು ಒಂದು ಬಾಟಲಿ ತೆಗೆದರು. ಮುಚ್ಚಳ ಉಬ್ಬಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದರು. ತಟ್ಟೆಗೆ ಸುರಿದರು. ಒಂದೂವರೆ ತಾಸಿನ ಬೆಂಕಿಯಲ್ಲಿ ಅವರೆ ಯಾವುದು, ಬದನೆ ಯಾವುದು, ಪುಂಡಿ ಯಾವುದು ಎಂಬ ಭೇದವೇ ಅಳಿದು, ಗೋಡೆಗೆ ಹಚ್ಚುವ ಬಣ್ಣದಂಥದ್ದೊಂದು ನಿಧಾನವಾಗಿ ಹರಿಯಿತು. ಹುಣಸೆಯ ಹುಳಿ ಸತ್ತಿತ್ತು, ಮೆಂತ್ಯದ ಕಹಿ ಸತ್ತಿತ್ತು. ಯುದ್ಧ ಗೆದ್ದಿದ್ದರು, ಅನುಮಾನವಿಲ್ಲ. ಆ ಭಜ್ಜಿಯಲ್ಲಿ ಜೀವವಿದ್ದದ್ದು ಏನೂ ಉಳಿದಿರಲಿಲ್ಲ. ಎರಡು ತುತ್ತು ತಿಂದು ಕೈ ತೊಳೆದುಕೊಂಡರು. ಉಳಿದದ್ದನ್ನು ಹಾಕೋಣವೆಂದರೆ ಹಸು ಎಮ್ಮೆಗಳೂ ಹೊಲಕ್ಕೆ ಹೋಗಿದ್ದವು.

ಸಂಜೆಯ ಬಿಸಿಲು ಇಳಿಯುವಾಗ ಜನ ಹಿಂದಿರುಗಿದರು. ಹೊಲಕ್ಕೆ ಬರಲಾಗದವರಿಗೆ ಭಜ್ಜಿ, ಅಂಬಲಿ, ಸಜ್ಜೆರೊಟ್ಟಿ ತಂದು ಕೊಡುವುದು ಪದ್ಧತಿ. ಮೀರಾಬಾಯಿ ನಾಲ್ವರು ಬೀಗರಿಗೂ ಸೇರಿಸಿ ದೊಡ್ಡ ಪಾತ್ರೆ ತುಂಬಿ ತಂದಳು. ಇಂದಾದರೂ ಬೀಗರ ಮುಖ ನೋಡಲೇಬೇಕೆಂದು ಇನ್ನೆರಡು ಮನೆಯವರೂ, ಅವರನ್ನು ಮತ್ತೆ ಮಾತಾಡಿಸಲೆಂದು ಪಂಡರಿಯೂ ಹಿಂದೆಯೇ ಬಂದರು. ಮಹಾರುದ್ರಪ್ಪನವರು ಬಾಗಿಲಿಗೆ ಅಡ್ಡ ನಿಂತು, ಬೀಗರು ಹೋದರು ಎಂದರು.

ಹಬ್ಬದ ದಿನ ಉಣ್ಣದೆ ಹೋದರೇ? ಗಲ್ಲಿಗೆ ಇದು ಸಹಿಸಲಾಗದ ಮಾತಾಯಿತು. ವಾರವಿಡೀ ಮಂಚದ ಮೇಲೆ ಮಲಗಿ, ಮೊಸರು ಉಂಡು, ಪುಕ್ಕಟೆ ಆಟೋದಲ್ಲಿ ತಿರುಗಿ, ಅಮಾವಾಸ್ಯೆಯ ದಿನ ಮುದುಕನನ್ನು ಒಬ್ಬನನ್ನೇ ಬಿಟ್ಟು ಹೋದವರು ಮನುಷ್ಯರೇ ಎಂದು ಒಬ್ಬರು ಕೇಳಿದರು. ಚಹಾ ಕುಡಿಸಿದ್ದ ಪಂಡರಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂತು. ಲಾತೂರಿನ ಮಂದಿಯೇ ಹಾಗೆ, ಅಂಥ ಮನೆತನದಲ್ಲಿ ಭುವನೇಶ್ವರಿ ಕಾಕಿ ಹ್ಯಾಗೆ ಹುಟ್ಟಿದಳೋ ಎಂದ. ಮಹಾರುದ್ರಪ್ಪನವರು ಅಲ್ಲಿಯವರೆಗೆ ತಲೆ ತಗ್ಗಿಸಿ ಕೇಳುತ್ತಿದ್ದರು. ಹೆಂಡತಿಯ ಹೆಸರು ಬಂದ ಕೂಡಲೇ ಅವರಿಗೆ ತಡೆಯಲಾಗಲಿಲ್ಲ.

"ಅವರನ್ನ ಬೈಬ್ಯಾಡ್ರಿ. ಅವರು ಬಂದೇ ಇದ್ದಿಲ್ಲ."

ಯಾರೂ ನಂಬಲಿಲ್ಲ. ಬೀಗರ ಮಾನ ಕಾಯಲು ಪಾಪ, ಹೀಗೆ ಹೇಳುತ್ತಿದ್ದಾರೆ ಎಂದು ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪಂಡರಿಯಂತೂ, ನನ್ನ ಆಟೋದಲ್ಲೇ ಕೂತವರು ಬಂದೇ ಇರಲಿಲ್ಲ ಅಂದರೆ ಹೇಗೆ ಎಂದು ವಾದಕ್ಕೆ ನಿಂತ. ಮಹಾರುದ್ರಪ್ಪನವರು ಕುಕ್ಕರು ತೋರಿಸಿದರು, ಬಾಟಲಿ ತೋರಿಸಿದರು, ಬೀಜಕಗಳ ವಿಷಯ ಹೇಳಲು ತೊಡಗಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಎಲ್ಲರಿಗೂ ಖಾತ್ರಿಯಾಯಿತು. ವಿಶ್ರಾಂತಿ ತೆಗೆದುಕೊಳ್ಳಿರೆಂದು ಹೇಳಿ ಒಬ್ಬೊಬ್ಬರೇ ಮನೆಗೆ ಹೋದರು.

ಮೀರಾಬಾಯಿ ಮಾತ್ರ ಒಳಗೆ ಹೋಗಿದ್ದಳು. ಅವಳು ಮಂಚದ ಮುಂದೆ ನಿಂತಿದ್ದಳು. ಚೌಕದವರು ಕೊಟ್ಟ ಹೊದಿಕೆ ಮಡಿಕೆ ಬಿಚ್ಚದೆ ಹಾಗೇ ಇತ್ತು. ತಾನೇ ಹಾಸಿ ಕೊಟ್ಟ ಚಾದರದ ಮೇಲೆ ಒಂದು ಮೂಲೆಯಲ್ಲಷ್ಟೇ, ಒಬ್ಬ ಮನುಷ್ಯ ಕೂತೆದ್ದ ಗುರುತು. ಅವಳು ಹೊರಗೆ ಬಂದಳು.

"ಹಂಗಂದ್ರ ಇವತ್ತ ನೀವು ಯಾರ ಹೊಲದಾಗ ಊಟ ಮಾಡಿದ್ರಿ ಕಾಕಾ?"

"ಯಾರ ಹೊಲದಾಗೂ ಇಲ್ಲವ್ವ."

ಅವಳು ಪಾತ್ರೆ ಎತ್ತಿಕೊಂಡು, ಗಂಡನನ್ನು ಕೂಗಿ ಕರೆದು ಆಟೋ ತಿರುಗಿಸಲು ಹೇಳಿದಳು. ಎಳ್ಳಮಾವಾಸ್ಯೆಯ ಊಟ ಮನೆಯಲ್ಲಿ ಕೂತು ಉಣ್ಣುವುದಲ್ಲ ಎಂದಷ್ಟೇ ಹೇಳಿದಳು. ಊರಿನವರೆಲ್ಲ ಹೊಲದಿಂದ ಬರುವಾಗ ಈ ಒಂದು ಆಟೋ ಎದುರಿಗೆ ಹೊಲದ ಕಡೆ ಹೋಯಿತು. ಬರುವವರು ಏನೋ ಮರೆತು ಬಂದಿರಬೇಕೆಂದು ತಿಳಿದರು.

ಹೊಲದಲ್ಲಿ ಯಾರೂ ಇರಲಿಲ್ಲ. ಪೂಜೆಗೆಂದು ಜೋಳದ ದಂಟಿನಿಂದ ಕಟ್ಟಿದ ಕೊಂಪೆ ಬಾಗಿ ನಿಂತಿತ್ತು, ಮಂದಿ ಕೂತೆದ್ದ ಜಾಗದಲ್ಲಿ ಹುಲ್ಲು ಮಲಗಿತ್ತು. ಮೂವರೂ ಅಲ್ಲೇ ಕೂತರು. ಮೀರಾಬಾಯಿ ಅಂಬಲಿ ಸುರಿದಳು. ಅಂಬಲಿಯ ಹುಳಿಯ ಬಗ್ಗೆ, ಅದರೊಳಗಿನ ಜೀವಿಗಳ ಬಗ್ಗೆ ಹೇಳಲು ಮಹಾರುದ್ರಪ್ಪನವರ ಹತ್ತಿರ ಬಹಳ ಇತ್ತು, ಹೇಳಲಿಲ್ಲ, ಕುಡಿದರು. ಭಜ್ಜಿಯಲ್ಲಿ ಅವರೆ ಅವರೆಯಾಗಿತ್ತು, ಬದನೆ ಬದನೆಯಾಗಿತ್ತು. ಸಿಟ್ಟು ಇಳಿದ ಪಂಡರಿ ರೊಟ್ಟಿ ಮುರಿಯುತ್ತ ರಸ್ತೆಯ ಕಡೆ ನೋಡಿದ.

"ಏನ ಅನ್ರಿ ಕಾಕಾ, ಆ ನಾಲ್ಕು ಮಂದಿ ಈಗ ಇಲ್ಲಿ ಇರಬೇಕಾಗಿತ್ತು."

ಮೀರಾಬಾಯಿ ಗಂಡನನ್ನು ಕಣ್ಣಿನಿಂದಲೇ ತಡೆಯಲು ನೋಡಿದಳು. ಮಹಾರುದ್ರಪ್ಪನವರು ಅಂಬಲಿಯ ಬಟ್ಟಲು ಕೆಳಗಿಟ್ಟರು.

"ಹೌದಪ್ಪ, ಇರಬೇಕಾಗಿತ್ತು," ಎಂದರು. "ನಿಮ್ಮ ಕಾಕಿ ಇದ್ದಾಗ ಪ್ರತಿ ವರ್ಷ ಬರ್ತಿದ್ರು."